ಉಚಿತ ಟಿಕೆಟ್ಟಿಗೆ ಇನ್ನೆಷ್ಟು ಮಾತು ಕೇಳಬೇಕು?

"ಇವಕ್ಕೆಲ್ಲ ಮನೇಲಿ ಕೆಲಸ ಇಲ್ವೇನ್ರೀ?"

ಬಸ್‌ಸ್ಟ್ಯಾಂಡಿನಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ ಈ ಮಾತು ಕೇಳಿ ಕೇಳಿ ರೋಸಿಹೋಗಿದ್ದೇನೆ. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದಾಗಿನಿಂದ ಅದರ ಬಾಗಿಲಲ್ಲಿ ನಾಲ್ಕು ಜನ ಹೆಂಗಸರು ಕಂಡರೆ ಸಾಕು, ಯಾರದಾದರೂ ಬಾಯಿಂದ ಇದು ಬಂದೇ ಬರುತ್ತದೆ. ಆಡುವವರು ಕೆಟ್ಟವರೇನಲ್ಲ. ಅಕ್ಕತಂಗಿಯರ ಮದುವೆಗೆ ಸಾಲ ಮಾಡಿದವರು, ಅಮ್ಮನ ಆಪರೇಷನ್ನಿಗೆ ರಾತ್ರಿಯೆಲ್ಲ ಆಸ್ಪತ್ರೆಯ ವರಾಂಡದಲ್ಲಿ ಕೂತವರು. ಅಂಥವರೂ ಬಸ್ಸು ಹತ್ತಿದ ಕೂಡಲೇ ಗುರುತು ಪರಿಚಯ ಇಲ್ಲದ ಹೆಂಗಸಿನ ಮೇಲೆ ಇಷ್ಟು ಹಗುರವಾಗಿ ನಾಲಿಗೆ ಹರಿಬಿಡುತ್ತಾರಲ್ಲ, ಅದು ನನ್ನ ಹೊಟ್ಟೆ ಉರಿಸುತ್ತದೆ.

ನಾನಿರುವುದು ಹಾಸನ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ. ಪಟ್ಟಣದ ಹತ್ತಿರದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳುತ್ತೇನೆ. ಬೆಳಿಗ್ಗೆ ಎಂಟರ ಬಸ್ಸು ತಪ್ಪಿದರೆ ಪ್ರಾರ್ಥನೆ ತಪ್ಪಿದಂತೆ. ಆ ಬಸ್ಸಿನಲ್ಲಿ ಯಾರ್ಯಾರು ಇರುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು, ತೊಡೆ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ಕಿಟಕಿಗೆ ತಲೆ ಆನಿಸಿ ಇನ್ನೊಂದು ಅರ್ಧ ಗಂಟೆ ನಿದ್ದೆ ಮಾಡುವವರು. ನರ್ಸಿಂಗ್ ಹೋಮಿನಲ್ಲಿ ನೆಲ ಒರೆಸುವ ಆಯಾಗಳು. ಪಿಯುಸಿ, ಡಿಗ್ರಿ ಹುಡುಗಿಯರು. ಬಿಪಿ, ಶುಗರ್ ಮಾತ್ರೆಗೆ ಜಿಲ್ಲಾಸ್ಪತ್ರೆಯ ಕ್ಯೂ ಹಿಡಿಯಲು ಹೊರಟ ವಯಸ್ಸಾದವರು. ಪಟ್ಟಣದ ಮೂರು ನಾಲ್ಕು ಮನೆಗಳ ಪಾತ್ರೆ ತಿಕ್ಕಿ ಮಧ್ಯಾಹ್ನ ಮರಳುವವರು. ಸಂತೆಯ ದಿನ ಸೊಪ್ಪಿನ ಗಂಟು, ತರಕಾರಿ ಚೀಲ ಹೊತ್ತವರು. ಮನೆಯಲ್ಲಿ ಕೆಲಸ ಇಲ್ಲವೇ ಅಂತ ಕೇಳುತ್ತಾರಲ್ಲ, ಇವರಲ್ಲಿ ಒಬ್ಬಳೂ ಮನೆ ಕೆಲಸ ಮುಗಿಸದೆ ಬಸ್ಸು ಹತ್ತಿದವಳಲ್ಲ. ಐದಕ್ಕೆ ಎದ್ದು, ಕೊಟ್ಟಿಗೆ ಬಾಚಿ, ಮುದ್ದೆ ತಿರುವಿ, ಮಕ್ಕಳಿಗೆ ತಲೆ ಬಾಚಿ, ಆಮೇಲೆ ಓಡೋಡಿ ಬಂದವರು.

ಅವರೆಕಾಯಿ ಕಾಲದಲ್ಲಿ ನಡೆದದ್ದು ಹೇಳುತ್ತೇನೆ. ಒಬ್ಬ ಅಜ್ಜಿ ಒಂದು ಸಣ್ಣ ಚೀಲದ ತುಂಬ ಸೊಗಡಿನ ಅವರೆಕಾಯಿ ತುಂಬಿಕೊಂಡು ಮಗಳ ಮನೆಗೆ ಹೊರಟಿದ್ದಳು. ಕಂಡಕ್ಟರ್ ಬಂದು, "ಆಧಾರ್ ತೆಗಿ ಅಜ್ಜಿ" ಅಂದರು. ಅಜ್ಜಿ ಸೊಂಟದಿಂದ ಎಲೆಅಡಿಕೆ ಸಂಚಿ ತೆಗೆದು, ಅದರೊಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಅದರೊಳಗಿನ ಇನ್ನೊಂದು ಕವರ್ ಬಿಚ್ಚಿ, ಕಾರ್ಡು ಕೊಟ್ಟಳು. ಬಸ್ಸು ಕುಲುಕುತ್ತಿತ್ತು, ಅವಳ ಕೈಯೂ ನಡುಗುತ್ತಿತ್ತು. ಕಾರ್ಡಿನ ಫೋಟೊ ಕಪ್ಪಾಗಿ ಮಸುಕಾಗಿತ್ತು. "ಇದು ನೀನೇನಾ? ಯಾರ್ದೋ ಎತ್ಕೊಂಡು ಬಂದ್ಬಿಟ್ಟಿದ್ದೀಯ" ಅಂದರು. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. "ನಾನೇ ಕಣಪ್ಪ, ನೋಡು ಸರಿಯಾಗಿ" ಅಂದಳು ಅಜ್ಜಿ. "ಹಂಗಾದ್ರೆ ಚೀಲಕ್ಕೆ ಲಗೇಜ್ ಕೊಡು." ಅಷ್ಟು ಸಣ್ಣ ಚೀಲಕ್ಕೆ ಲಗೇಜ್ ಇಲ್ಲ ಅನ್ನುವುದು ಅವರಿಗೂ ಗೊತ್ತಿತ್ತು, ಬಸ್ಸಿನಲ್ಲಿದ್ದ ನಮಗೂ ಗೊತ್ತಿತ್ತು. ಅಜ್ಜಿ ಸುಮ್ಮನೆ ಸೆರಗಿನ ಗಂಟು ಬಿಚ್ಚಿ ಇಪ್ಪತ್ತರ ನೋಟು ತೆಗೆದು, "ಹೋಗ್ಲಿ ಬಿಡಪ್ಪ, ದುಡ್ಡೇ ಇಸ್ಕೋ. ಇಷ್ಟೊಂದು ಮಾತು ಯಾಕೆ" ಅಂತ ಚಾಚಿದಳು. ಅವರು ನೋಟು ಮುಟ್ಟಲಿಲ್ಲ. ಮೆಷಿನ್ ಒತ್ತಿ ಶೂನ್ಯ ದರದ ಟಿಕೆಟ್ ಹರಿದು ಅವಳ ಮಡಿಲಿಗೆ ಹಾಕಿ, ಇಡೀ ಬಸ್ಸಿಗೆ ಕೇಳುವಂತೆ, "ಕೊಡೋಕೆ ದುಡ್ಡಿದ್ರೂ ಇವ್ರಿಗೆ ಬಿಟ್ಟೀದೇ ಬೇಕು" ಅಂತ ಹೇಳಿ ಮುಂದೆ ಹೋದರು.

ಕೊಡದಿದ್ದರೆ ಬಿಟ್ಟಿ ಗಿರಾಕಿ. ಕೊಡಲು ಬಂದರೆ ದುಡ್ಡಿದ್ದೂ ಕೊಡದವಳು. ಆ ಅಜ್ಜಿ ಇನ್ನೇನು ಮಾಡಿದ್ದರೆ ಸರಿಹೋಗುತ್ತಿತ್ತು?

ಆ ಟಿಕೆಟ್ಟಿನ ಲೆಕ್ಕ ಎಷ್ಟು ಜನಕ್ಕೆ ಗೊತ್ತೋ ನಾ ಕಾಣೆ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು. ಕರ್ನಾಟಕದ ನಿವಾಸಿಯಾದ ಯಾವ ಹೆಂಗಸಾದರೂ ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ದುಡ್ಡು ಕೊಡದೆ ಓಡಾಡಬಹುದು. ರಾಜಹಂಸ, ಐರಾವತ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಇಲ್ಲ. ಫೋಟೊ ಮತ್ತು ವಿಳಾಸ ಇರುವ ಸರ್ಕಾರಿ ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರ್ ಕೊಡುವ ಆ ಚೀಟಿಯ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡಬೇಕು. ಅಂದರೆ ಅಜ್ಜಿಯ ಪ್ರಯಾಣಕ್ಕೆ ದುಡ್ಡು ಸಂದಾಯವಾಗುತ್ತದೆ, ಅಜ್ಜಿಯ ಸೆರಗಿನ ಗಂಟಿನಿಂದ ಅಲ್ಲ, ಖಜಾನೆಯಿಂದ. 2025ರ ಜುಲೈ ಹೊತ್ತಿಗೆ ಇಂಥ ಟಿಕೆಟ್ಟುಗಳು 500 ಕೋಟಿ ದಾಟಿದವು. ಕಂಡಕ್ಟರಿನ ಜೇಬಿನಿಂದ ಇದರಲ್ಲಿ ಒಂದು ಪೈಸೆಯೂ ಹೋಗಿಲ್ಲ. ಪಕ್ಕದ ಸೀಟಿನವರ ಜೇಬಿನಿಂದಲೂ ಹೋಗಿಲ್ಲ. ಹಾಗಿದ್ದ ಮೇಲೆ ಅಜ್ಜಿ ಯಾರ ಋಣದಲ್ಲಿದ್ದಾಳೆ ಅಂತ ಅವಳನ್ನು ಹೀಗೆ ನಿಲ್ಲಿಸಿ ಕೇಳಿದ್ದು?

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿತು. ನಮ್ಮ ದಾರಿಯಲ್ಲಿ ಊರೊಳಗೆ ಹೋಗದ ಬಸ್ಸುಗಳು ಮುಖ್ಯರಸ್ತೆಯ ಗೇಟಿನಲ್ಲಿ, ಅಂದರೆ ಊರಿನ ದಾರಿ ಕವಲೊಡೆಯುವ ಕಡೆ, ನಿಲ್ಲಬೇಕು. ಗೇಟಿನಲ್ಲಿ ಬರೀ ಹೆಂಗಸರು, ಹುಡುಗಿಯರು ನಿಂತಿದ್ದರೆ ಕೆಲವು ಡ್ರೈವರುಗಳು ನಿಲ್ಲಿಸುವುದಿಲ್ಲ. ಇಲ್ಲವೇ ನೂರು ಅಡಿ ಮುಂದೆ ಹೋಗಿ ಬ್ರೇಕ್ ಹಾಕುತ್ತಾರೆ, ಇವರು ಬ್ಯಾಗು, ಮಗು, ಚೀಲ ಹಿಡಿದು ಓಡಬೇಕು, ಓಡಿ ಹತ್ತಿರ ಬರುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮೊದಲ ಪೀರಿಯಡ್ ಅರ್ಧ ಮುಗಿದಾಗ ಬಾಗಿಲಲ್ಲಿ ಬಂದು ನಿಂತಳು. ಬೆವತು ಹೋಗಿದ್ದಳು. "ಯಾಕಮ್ಮ ಇಷ್ಟು ತಡ?" ಅಂದೆ.

"ಬಸ್ ನಿಲ್ಲಿಸ್ಲಿಲ್ಲ ಮಿಸ್. ಗಂಡಸ್ರು ಯಾರೂ ಇರ್ಲಿಲ್ಲ, ಅದಕ್ಕೆ."

ಅವಳ ದನಿಯಲ್ಲಿ ದೂರಿರಲಿಲ್ಲ, ಸಿಟ್ಟಿರಲಿಲ್ಲ. ಮಳೆ ಬಂತು, ಅದಕ್ಕೆ ನೆನೆದೆ ಅನ್ನುವಷ್ಟು ಸಹಜವಾಗಿ ಹೇಳಿದಳು. ಹದಿನಾಲ್ಕು ವರ್ಷದ ಹುಡುಗಿ ಲೋಕದ ಒಂದು ಕಾನೂನನ್ನು ಕಲಿತು ಬಂದಿದ್ದಳು: ಗಂಡಸೊಬ್ಬ ಜೊತೆಗೆ ನಿಂತರೆ ಮಾತ್ರ ನನ್ನ ಬಸ್ಸು ನಿಲ್ಲುತ್ತದೆ. ನಾನು ಆ ದಿನ ಏನು ಪಾಠ ಮಾಡಿದೆನೋ ನೆನಪಿಲ್ಲ. ಈಗ ಆ ಗೇಟಿನ ಹುಡುಗಿಯರು ಅಕ್ಕಪಕ್ಕದ ತೋಟದ ಕೆಲಸಕ್ಕೆ ಹೋಗುವ ಯಾರಾದರೂ ಅಣ್ಣಂದಿರನ್ನು "ಸ್ವಲ್ಪ ನಿಂತ್ಕೊಳಣ್ಣ, ಬಸ್ ಬರೋವರ್ಗೂ" ಅಂತ ಕೇಳಿಕೊಂಡು ನಿಲ್ಲಿಸಿಕೊಳ್ಳುತ್ತಾರಂತೆ.

ಕಂಡಕ್ಟರು, ಡ್ರೈವರುಗಳನ್ನು ಮಾತ್ರ ಬೈದು ಕೂರಲಾರೆ. ಅವರ ಪಾಡೂ ನನಗೆ ಕಾಣುತ್ತದೆ. ನಾಲ್ಕು ನಿಗಮಗಳ ಬಸ್ಸುಗಳಲ್ಲಿ ಈಗ ದಿನಕ್ಕೆ ಒಂದು ಕೋಟಿಗೂ ಹೆಚ್ಚು ಜನ ಓಡಾಡುತ್ತಾರೆ. ಜನ ಏರಿದ ಹಾಗೆ ಬಸ್ಸು ಏರಲಿಲ್ಲ, ಸಿಬ್ಬಂದಿ ಏರಲಿಲ್ಲ. ಉಸಿರಾಡಲು ಜಾಗವಿಲ್ಲದ ಬಸ್ಸಿನಲ್ಲಿ ಮುಂದಿನಿಂದ ಹಿಂದಕ್ಕೆ ತೂರಿಕೊಂಡು, ಪ್ರತಿಯೊಬ್ಬರ ಕಾರ್ಡು ನೋಡಿ, ಪ್ರತಿಯೊಬ್ಬರಿಗೂ ಟಿಕೆಟ್ ಹರಿದು, ಮಧ್ಯೆ ತನಿಖೆಯವರು ಹತ್ತಿ ಒಂದು ಟಿಕೆಟ್ ತಪ್ಪಿದ್ದರೂ ಅವರಿಗೆ ಜವಾಬು ಹೇಳಬೇಕು. 2025ರ ಆಗಸ್ಟ್ 5ರಂದು ರಾಜ್ಯದ ಸಾರಿಗೆ ನೌಕರರು ಬಸ್ಸು ನಿಲ್ಲಿಸಿ ಮುಷ್ಕರ ಹೂಡಿದ್ದು 38 ತಿಂಗಳ ವೇತನ ಹಿಂಬಾಕಿ ಕೊಡಿ ಅಂತ. ಸರ್ಕಾರ ಯೋಜನೆಯ ಕೀರ್ತಿ ತಾನು ತೆಗೆದುಕೊಂಡಿತು, ಯೋಜನೆಯ ಬೆವರನ್ನು ಇವರಿಗೆ ಬಿಟ್ಟಿತು. ಹೈರಾಣಾದ ಮನುಷ್ಯನ ಸಿಟ್ಟು ಎಲ್ಲಾದರೂ ಹೊರಬೀಳಲೇಬೇಕು. ಆದರೆ ಅದು ವಿಧಾನಸೌಧದ ಕಡೆ ಹೋಗುವುದಿಲ್ಲ, ಕೈಗೆ ಸಿಗುವ ಅಜ್ಜಿಯ ಮೇಲೆ ಬೀಳುತ್ತದೆ. ನನ್ನ ತಕರಾರು ಅಷ್ಟೇ. ಸಂಬಳ ಕೊಡದವರು ಯಾರು, ಬಸ್ಸು ಕೊಡದವರು ಯಾರು ಅಂತ ಅವರಿಗೆ ಗೊತ್ತಿಲ್ಲದೆ ಇಲ್ಲ.

ದುಡ್ಡು ಕೊಟ್ಟು ನಿಂತುಕೊಂಡು ಹೋಗುವ ಗಂಡಸರ ಸಿಟ್ಟಿನಲ್ಲೂ ನ್ಯಾಯವಿದೆ. ಬೆಂಗಳೂರಿನ ಬಿಎಂಟಿಸಿ ಬಿಟ್ಟು ಉಳಿದ ಮೂರು ನಿಗಮಗಳ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಅಂತ ಯೋಜನೆಯಲ್ಲೇ ಇದೆ. ಕಾಗದದಲ್ಲಿದೆ, ಬಸ್ಸಿನಲ್ಲಿ ನಡೆಯುವುದಿಲ್ಲ. 2025ರ ಜನವರಿ 5ರಿಂದ ಟಿಕೆಟ್ ದರ ಶೇ. 15ರಷ್ಟು ಏರಿತು, ಅದನ್ನು ಕೈಯಿಂದ ಕೊಡುತ್ತಿರುವವರು ಗಂಡಸರೇ. ಕೂಲಿಗೆ ಹೋಗುವ ಗಂಡಸಿಗೂ ಬಸ್ ಚಾರ್ಜು ಭಾರವೇ. ಅವನು "ನನಗೂ ಕಡಿಮೆ ಮಾಡಿ, ಇನ್ನೊಂದು ಬಸ್ಸು ಬಿಡಿ" ಅಂತ ಕೇಳಿದರೆ ನಾನು ಅವನ ಪಕ್ಕದಲ್ಲಿ ನಿಲ್ಲುತ್ತೇನೆ. ಅವನು ಹಾಗೆ ಕೇಳುವುದಿಲ್ಲವಲ್ಲ. "ಇವರಿಂದಾಗಿ ನಮಗೆ ಜಾಗ ಇಲ್ಲ" ಅನ್ನುತ್ತಾನೆ.

ಸ್ಟಾಫ್ ರೂಮಿನ ವಿಚಾರಕ್ಕೆ ಬರುತ್ತೇನೆ. ನನಗೆ ಅತಿ ಹೆಚ್ಚು ನೋವಾಗುವುದು ಅಲ್ಲೇ, ಯಾಕೆಂದರೆ ಅಲ್ಲಿರುವವರು ಓದಿದವರು, ಮಕ್ಕಳಿಗೆ ಓದಿಸುವವರು. "ನಮ್ಮ ತೆರಿಗೆ ದುಡ್ಡಲ್ಲಿ ಮಜಾ ಮಾಡ್ತಿದಾರೆ" ಅಂತ ಅಲ್ಲಿ ದಿನಕ್ಕೊಂದು ಸಲವಾದರೂ ಕೇಳಿಬರುತ್ತದೆ. 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಶಿಫಾರಸಿನಂತೆ ರಾಜ್ಯ ಸರ್ಕಾರಿ ನೌಕರರಿಗೆಲ್ಲ ಸಂಬಳ ಏರಿತು. ನಮ್ಮಲ್ಲಿ ಮೈಸೂರ್‌ಪಾಕ್ ಹಂಚಿದರು. ನಾನೂ ತಿಂದೆ. ನಾವು ದುಡಿಯುತ್ತೇವೆ, ಬೆಲೆ ಏರಿದೆ, ಸಂಬಳ ಏರಬೇಕಾದದ್ದೇ. ಆ ದುಡ್ಡೂ ಅದೇ ಖಜಾನೆಯಿಂದಲೇ ಬಂದಿದ್ದು. 2025ರ ಕೇಂದ್ರ ಬಜೆಟ್ಟಿನಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ ಅಂದರು. ಅದರಿಂದ ಸರ್ಕಾರಕ್ಕೆ ಸುಮಾರು ಒಂದು ಲಕ್ಷ ಕೋಟಿ ರೂಪಾಯಿ ಬರುವುದು ತಪ್ಪುತ್ತದೆ ಅಂತ ಹಣಕಾಸು ಸಚಿವರೇ ಹೇಳಿದರು. ಅವತ್ತು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಖ ಅರಳಿತ್ತು. ಖಜಾನೆ ಖಾಲಿಯಾಗುತ್ತೆ, ದೇಶ ದಿವಾಳಿಯಾಗುತ್ತೆ ಅಂತ ಒಬ್ಬರೂ ಅನ್ನಲಿಲ್ಲ. ಶಕ್ತಿ ಯೋಜನೆಗೆ ರಾಜ್ಯ ಬಜೆಟ್ಟಿನಲ್ಲಿ ಇಡುವುದು ವರ್ಷಕ್ಕೆ ಐದು ಸಾವಿರ ಕೋಟಿಯ ಆಸುಪಾಸು. ಇದೂ ಸೇರಿ ಸರ್ಕಾರದ ಐದೂ ಗ್ಯಾರಂಟಿ ಯೋಜನೆಗಳಿಗೆ ಐವತ್ತು ಸಾವಿರ ಕೋಟಿಯ ಮೇಲೆ. ಸಣ್ಣ ಮೊತ್ತವಲ್ಲ, ಅದರ ಲೆಕ್ಕ ಕೇಳಬೇಕು, ಬೇರೆ ಕೆಲಸಗಳಿಗೆ ಎಷ್ಟು ಕಡಿತವಾಯಿತು ಅಂತಲೂ ಕೇಳಬೇಕು. ನಾನು ಬೇಡ ಅನ್ನುವುದು ಒಂದು ಕಡೆಯವರ ಲೆಕ್ಕ ಮಾತ್ರ ಕೇಳುವುದನ್ನು.

2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ಆದಾಯ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಟ್ಟಂತೆ ಅಂತ ಸರ್ಕಾರವೇ ಹೇಳಿತು. ಯಾವ ಬಸ್ಸಿನಲ್ಲೂ ಯಾರೂ ಅದನ್ನು ಎತ್ತಿ ಆಡಲಿಲ್ಲ. ಬೆಂಗಳೂರಿನ ನನ್ನ ನೆಂಟರಿಗೆ ಕಾವೇರಿ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ. ಅಲ್ಲಿಂದ ಹಂತಹಂತವಾಗಿ ಪಂಪ್ ಮಾಡಿ ಎತ್ತರದ ನಗರಕ್ಕೆ ಏರಿಸಬೇಕು. ನಮ್ಮ ಗೊರೂರಿನ ಹೇಮಾವತಿಯ ನೀರೂ ಆ ಕಾವೇರಿಯಲ್ಲಿದೆ. ಕರೆಂಟಿನ ಬೆಲೆ ಏರುತ್ತಲೇ ಹೋದರೂ 2014ರಿಂದ 2025ರ ಏಪ್ರಿಲ್ ತನಕ ಆ ನೀರಿನ ದರ ಏರಲಿಲ್ಲ. ಒಳ್ಳೆಯದೇ ಆಯಿತು, ನೀರು ಎಲ್ಲರಿಗೂ ಬೇಕು. ಹಾಗಂತ ಅವರ ಮನೆಯ ನಲ್ಲಿ ಪಕ್ಕ ನಿಂತು "ಆಧಾರ್ ತೋರಿಸಿ, ಇದು ನೀವೇನಾ?" ಅಂತ ಯಾರಾದರೂ ಕೇಳಿದ್ದಾರೆಯೇ? ಸಹಾಯ ನಮ್ಮ ಕಡೆ ಬಂದಾಗ ಸದ್ದಿಲ್ಲದೆ ಬರುತ್ತದೆ, ಬ್ಯಾಂಕಿನ ಖಾತೆಯಲ್ಲಿ, ಪೈಪಿನಲ್ಲಿ, ಕಾಗದದ ಮೇಲಿನ ರಿಯಾಯಿತಿಯಲ್ಲಿ. ಬಡವರ ಕಡೆ ಹೋದಾಗ ಮಾತ್ರ ತುಂಬಿದ ಬಸ್ಸಿನಲ್ಲಿ ಕಾರ್ಡು ಎತ್ತಿ ತೋರಿಸಬೇಕು.

ತೆರಿಗೆ ನಮ್ಮದು ಅನ್ನುವ ಮಾತೂ ಪೂರ್ತಿ ನಿಜವಲ್ಲ. ಆ ಅಜ್ಜಿ ಮೊಬೈಲಿಗೆ ರೀಚಾರ್ಜ್ ಮಾಡಿಸಿದರೆ ಶೇ. 18 ಜಿಎಸ್‌ಟಿ ಕಟ್ಟುತ್ತಾಳೆ. ನಾನು ಕಟ್ಟುವುದೂ ಅಷ್ಟೇ. ಅವಳ ಮನೆಯ ಗಂಡಸು ಸಂಜೆ ಸೆರೆಯಂಗಡಿಯಲ್ಲಿ ಕೊಡುವುದರಲ್ಲಿ ದೊಡ್ಡ ಪಾಲು ಅಬಕಾರಿ ಸುಂಕ. 2025-26ರಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತಬೇಕು ಅಂತ ರಾಜ್ಯ ಸರ್ಕಾರ ಗುರಿ ಇಟ್ಟುಕೊಂಡಿತ್ತು. ಆ ದುಡ್ಡು ಹೋಗುವುದು ಯಾವ ಮನೆಯ ಅನ್ನದಿಂದ, ಯಾವ ಹೆಂಗಸಿನ ನೆಮ್ಮದಿಯಿಂದ ಅಂತ ಹಳ್ಳಿಯಲ್ಲಿರುವ ಎಲ್ಲರಿಗೂ ಗೊತ್ತು.

ರಾಜಕಾರಣಿಗಳ ಬಗ್ಗೆ ಏನು ಹೇಳಲಿ. ಎಲ್ಲ ಪಕ್ಷದವರೂ ಈ ಹೆಂಗಸರ ತಲೆ ಮೇಲೆ ಕಾಲಿಟ್ಟೇ ಮೇಲೇರುತ್ತಿದ್ದಾರೆ. 2022ರ ಜುಲೈನಲ್ಲಿ ಪ್ರಧಾನಿ ಉತ್ತರ ಪ್ರದೇಶದ ಸಭೆಯಲ್ಲಿ ಈ ಥರದ ಯೋಜನೆಗಳನ್ನು ರೇವ್ಡಿ ಸಂಸ್ಕೃತಿ, ಅಂದರೆ ಮಿಠಾಯಿ ಹಂಚುವ ಚಾಳಿ, ಅಂತ ಟೀಕಿಸಿದರು. ಮರುವರ್ಷ ಅವರದೇ ಪಕ್ಷದ ಸರ್ಕಾರ ಮಧ್ಯಪ್ರದೇಶದಲ್ಲಿ ಹೆಂಗಸರ ಖಾತೆಗೆ ತಿಂಗಳು ತಿಂಗಳು ಹಣ ಹಾಕಲು ಶುರುಮಾಡಿತು. 2024ರಲ್ಲಿ ಮಹಾರಾಷ್ಟ್ರದಲ್ಲಿ ಅದೇ ಪಕ್ಷ ಸೇರಿದ್ದ ಮೈತ್ರಿ ಸರ್ಕಾರ ತಿಂಗಳಿಗೆ 1,500 ರೂಪಾಯಿ ಕೊಟ್ಟಿತು. ಅಲ್ಲಿ ಕೊಟ್ಟರೆ ಮಾತೃಶಕ್ತಿ, ಇಲ್ಲಿ ಕೊಟ್ಟರೆ ರಾಜ್ಯ ದಿವಾಳಿ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ, ನಮ್ಮ ಪಕ್ಕದ ತುರುವೇಕೆರೆಯ ಸಭೆಯಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರು ಗ್ಯಾರಂಟಿಗಳಿಂದ ಹಳ್ಳಿಯ ತಾಯಂದಿರು ದಾರಿ ತಪ್ಪಿದ್ದಾರೆ ಅಂತ ಮಾತಾಡಿದರು. ಗಲಾಟೆಯಾದ ಮೇಲೆ ವಿಷಾದ ಹೇಳಿದರು. 2025ರ ಮಾರ್ಚ್‌ನಲ್ಲಿ ಅದೇ ತುರುವೇಕೆರೆಯ ಶಾಸಕ ಎಂ.ಟಿ. ಕೃಷ್ಣಪ್ಪ ವಿಧಾನಸಭೆಯಲ್ಲಿ ಎದ್ದು ನಿಂತು, ಹೆಂಗಸರಿಗೆ ಎರಡು ಸಾವಿರ, ಉಚಿತ ಬಸ್ಸು ಕೊಡುತ್ತೀರಿ, ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಉಚಿತ ಕೊಡಿ ಅಂದರು. ಸಭೆಯಲ್ಲಿ ನಕ್ಕವರೂ ಇದ್ದರು. ಆ ನಗು ಟಿವಿಯಲ್ಲಿ ನೋಡಿ ನನಗೆ ಅಳು ಬಂತು. ಅದೇ ಅಧಿವೇಶನದಲ್ಲಿ, ಅದೇ ಮಾರ್ಚ್ ತಿಂಗಳಲ್ಲಿ, ಗದ್ದಲದ ನಡುವೆ ತಮ್ಮ ಸಂಬಳ ಏರಿಸಿಕೊಳ್ಳುವ ಮಸೂದೆಗೆ ಒಪ್ಪಿಗೆ ಪಡೆದರು. ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮುಖ್ಯಮಂತ್ರಿಗಳದ್ದು 75,000ದಿಂದ ಒಂದೂವರೆ ಲಕ್ಷಕ್ಕೆ.

ಕೊಟ್ಟ ಪಕ್ಷವೂ ಕಡಿಮೆಯೇನಿಲ್ಲ. ಕೊಟ್ಟಿದ್ದನ್ನು ದಾನವೆಂಬಂತೆ ಆಡುತ್ತದೆ. 2024ರ ಲೋಕಸಭಾ ಚುನಾವಣೆಗೆ ಮುಂಚೆ ಆಡಳಿತ ಪಕ್ಷದ ಶಾಸಕರೊಬ್ಬರು, ನಮಗೆ ವೋಟು ಬೀಳದಿದ್ದರೆ ಗ್ಯಾರಂಟಿ ನಿಲ್ಲಿಸಬೇಕಾಗುತ್ತದೆ ಎಂಬ ಅರ್ಥದ ಮಾತಾಡಿದರು. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳನ್ನು ಏಕಾಏಕಿ ರದ್ದು ಮಾಡಲು ಹೊರಟು, ಜನ ಬೊಬ್ಬೆ ಹಾಕಿದ ಮೇಲೆ ಹಿಂದೆ ಸರಿದರು. ಅಷ್ಟರಲ್ಲಿ ಎಷ್ಟು ಹೆಂಗಸರು ಕೂಲಿ ಬಿಟ್ಟು ತಾಲ್ಲೂಕು ಕಚೇರಿಯ ಮುಂದೆ ನಿಂತಿದ್ದರು! ಗೃಹಲಕ್ಷ್ಮಿಯ ಎರಡು ಸಾವಿರದ ಕಂತು ತಿಂಗಳುಗಟ್ಟಲೆ ತಡವಾದರೆ ಯಾಕೆ ಅಂತ ಹೇಳುವವರಿಲ್ಲ. ಬ್ಯಾಂಕಿನಲ್ಲಿ "ಬಂದಿಲ್ಲ ಹೋಗಮ್ಮ" ಅನ್ನಿಸಿಕೊಂಡು ವಾಪಸ್ ಬರಬೇಕು. ಪೋಸ್ಟರಿನಲ್ಲಿ ನಗುವ ಹೆಂಗಸಿನ ಚಿತ್ರ ಹಾಕಿದರೆ ಸಾಲದು, ಕೌಂಟರಿನಲ್ಲಿ ಅವಳನ್ನು ಹೇಗೆ ಮಾತಾಡಿಸುತ್ತಾರೆ ಅಂತಲೂ ನೋಡಬೇಕು.

ಇಷ್ಟೆಲ್ಲ ಲೆಕ್ಕ ಒಪ್ಪಿಸಿದ ಮೇಲೂ ನನ್ನ ಸಹೋದ್ಯೋಗಿಗಳ ಸಿಟ್ಟು ಇಳಿಯುವುದಿಲ್ಲ. ಆಗಲೇ ನನಗೆ ಅನ್ನಿಸಿದ್ದು, ಇದು ದುಡ್ಡಿನ ಸಿಟ್ಟೇ ಅಲ್ಲ. ದುಡ್ಡಿನದೇ ಆಗಿದ್ದರೆ ಮಾಜಿ ಶಾಸಕರ ಉಚಿತ ಪ್ರಯಾಣದ ಮೇಲೂ ಸಿಟ್ಟು ಬರಬೇಕಿತ್ತು. ಇದು, ಕೇಳದೆ ಹೊರಟಳಲ್ಲ ಅನ್ನುವ ಸಿಟ್ಟು.

ನಮ್ಮ ಹಳ್ಳಿಗಳಲ್ಲಿ ಹೆಂಗಸೊಬ್ಬಳು ತವರಿಗೆ ಹೋಗಬೇಕಾದರೆ ಮೊದಲು ಏನಾಗುತ್ತಿತ್ತು ನೆನಪಿಸಿಕೊಳ್ಳಿ. ಬಸ್ ಚಾರ್ಜಿಗೆ ಗಂಡನ ಹತ್ತಿರ ಕೈ ಚಾಚಬೇಕು. "ಎಲ್ಲಿಗೆ? ಯಾಕೆ? ಹೋದ ತಿಂಗಳು ಹೋಗಿರಲಿಲ್ವಾ? ಅಲ್ಲೇನು ಕಡ್ಲೆಪುರಿ ಹಂಚ್ತಿದಾರಾ?" ಅತ್ತೆ ಒಳಗಿನಿಂದ ಒಂದು ಮಾತು ಸೇರಿಸಬೇಕು. ಎಲ್ಲ ಮುಗಿದು ನೂರು ರೂಪಾಯಿ ಕೈಗೆ ಬರುವಷ್ಟರಲ್ಲಿ ಹೋಗುವ ಆಸೆಯೇ ಬತ್ತಿಹೋಗಿರುತ್ತಿತ್ತು. ನಮ್ಮ ಬೀದಿಯಲ್ಲಿ ಒಬ್ಬರಿದ್ದಾರೆ. ಅವರ ಅಮ್ಮ ಅರಸೀಕೆರೆ ಕಡೆಯ ಊರಿನಲ್ಲಿ ಲಕ್ವ ಹೊಡೆದು ಮಲಗಿದ್ದರು. ಮೊದಲು ಹಬ್ಬಕ್ಕೊಮ್ಮೆ ನೋಡಿ ಬರುತ್ತಿದ್ದವರು, ಉಚಿತ ಬಸ್ಸು ಬಂದ ಮೇಲೆ ವಾರವಾರ ಹೋಗತೊಡಗಿದರು. ಬೆಳಿಗ್ಗೆ ಅಡಿಗೆ ಮುಗಿಸಿ ಹೋಗಿ, ಅಮ್ಮನಿಗೆ ಸ್ನಾನ ಮಾಡಿಸಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಬಟ್ಟೆ ಒಗೆದು, ಸಂಜೆ ದನ ಕಟ್ಟುವ ಹೊತ್ತಿಗೆ ವಾಪಸ್. "ಮೇಡಮ್ಮಾರೆ, ನಮ್ಮವ್ವನ ಕೊನೇ ದಿನ್ದಲ್ಲಿ ನಾನು ಅವಳ ಕೈ ಹಿಡ್ಕೊಂಡಿದ್ದೆ. ಅಷ್ಟು ಸಾಕು ನಂಗೆ" ಅಂತ ನನ್ನ ಹತ್ತಿರ ಹೇಳಿಕೊಂಡರು. ಅವರ ಗಂಡ ಇವತ್ತಿಗೂ ಟೀ ಅಂಗಡಿಯಲ್ಲಿ ಕೂತು, ಈ ಬಸ್ಸು ಬಂದು ಹೆಂಗಸರು ಮನೆಯಲ್ಲಿ ನಿಲ್ಲುವುದಿಲ್ಲ ಅಂತ ಹೇಳುತ್ತಾರೆ.

ಧರ್ಮಸ್ಥಳ, ಕುಕ್ಕೆಗೆ ಹೋಗುವವರ ಬಗ್ಗೆ ಎಷ್ಟು ಕುಹಕ! ಯೋಜನೆ ಬಂದ ಹೊಸದರಲ್ಲಿ ಗುಂಪುಗುಂಪಾಗಿ ಹೆಂಗಸರು ದೇವಸ್ಥಾನಗಳಿಗೆ ಹೋದರು, ಬಸ್ಸಿನ ಕಿಟಕಿಯಲ್ಲಿ ಸೀಟು ಹಿಡಿದರು, ಆ ವಿಡಿಯೊಗಳನ್ನು ಇಡೀ ರಾಜ್ಯ ಹಂಚಿಕೊಂಡು ನಕ್ಕಿತು. ಹೋದರೆ ತಪ್ಪೇನು? ಅರವತ್ತು ವರ್ಷ ಕಳೆ ಕಿತ್ತು, ನಾಟಿ ಹಾಕಿ, ಮೊಮ್ಮಕ್ಕಳ ಮೂಗೊರೆಸಿ, ಶಿರಾಡಿ ಘಾಟಿಯನ್ನೇ ನೋಡದ ಹೆಂಗಸು ಅಕ್ಕಪಕ್ಕದವರ ಜೊತೆ ಸೇರಿ ಒಮ್ಮೆ ಮಂಜುನಾಥನ ದರ್ಶನ ಮಾಡಿ ಬಂದರೆ ರಾಜ್ಯಕ್ಕೆ ನಷ್ಟವೇ? ಗಂಡಸರು ಗುಂಪು ಕಟ್ಟಿಕೊಂಡು ಗೋವಾಕ್ಕೆ ಹೋದರೆ ಮನಸ್ಸಿಗೆ ಬದಲಾವಣೆ ಬೇಕಿತ್ತು ಅಂತಾರೆ. ಹೆಂಗಸಿಗೆ ಬದಲಾವಣೆ ಬೇಕಾಗುವುದಿಲ್ಲವೇ? ಆಸ್ಪತ್ರೆಗೆ ಹೋದರೆ ಸರಿ, ಕೆಲಸಕ್ಕೆ ಹೋದರೆ ಸರಿ, ಸುಮ್ಮನೆ ಖುಷಿಗೆ ಹೋದರೆ ದುರುಪಯೋಗ ಅಂತ ತೀರ್ಮಾನಿಸಲು ಇವರ್ಯಾರು? ಉಚಿತ ಪ್ರಯಾಣವನ್ನು ಸಮರ್ಥಿಸುವವರೂ "ಪಾಪ, ಕೂಲಿಗೆ ಹೋಗ್ತಾರೆ" ಅಂತಲೇ ಶುರುಮಾಡುತ್ತಾರೆ. ನಾನು ಹಾಗೆ ಶುರುಮಾಡಲಾರೆ. ಅವಳು ಸಮುದ್ರ ನೋಡಲು ಹೊರಟರೂ ನನಗೆ ಸಂತೋಷವೇ.

ದುಡಿಮೆಯ ಲೆಕ್ಕದಲ್ಲೂ ಇದು ಸಣ್ಣದಲ್ಲ. ಬೆಂಗಳೂರಿನಲ್ಲಿ 2023ರಲ್ಲಿ ಸಾಮಾನ್ಯ ಬಸ್ಸಿನ ತಿಂಗಳ ಪಾಸಿಗೆ 1,050 ರೂಪಾಯಿ ಇತ್ತು, 2025ರಲ್ಲಿ 1,200 ಆಯಿತು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹುಡುಗಿಯ ಕೈಗೆ ತಿಂಗಳಿಗೆ ಬರುವುದು ಎಷ್ಟು ಅಂತ ತಿಳಿದವರಿಗೆ ಆ ಸಾವಿರ ರೂಪಾಯಿ ಏನು ಅಂತಲೂ ತಿಳಿಯುತ್ತದೆ. 2016ರ ಏಪ್ರಿಲ್‌ನಲ್ಲಿ ಇದೇ ಹುಡುಗಿಯರು ಪಿಎಫ್ ನಿಯಮ ಬದಲಾಯಿಸಿದ್ದಕ್ಕೆ ಹೊಸೂರು ರಸ್ತೆ, ಮೈಸೂರು ರಸ್ತೆಗಳಲ್ಲಿ ಕೂತು ಕೇಂದ್ರ ಸರ್ಕಾರದ ಆದೇಶವನ್ನೇ ಹಿಂದಕ್ಕೆ ಪಡೆಯುವಂತೆ ಮಾಡಿದ್ದರು. ತಮ್ಮ ದುಡ್ಡು ಯಾವುದು, ತಮ್ಮ ಹಕ್ಕು ಯಾವುದು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೇರೆ ಊರಿನ ಕಾಲೇಜಿಗೆ ಹೋಗಲು ಬಸ್ ಪಾಸಿನ ದುಡ್ಡಿಗೆ ತಡವರಿಸಿ ಎಸ್ಸೆಸ್ಸೆಲ್ಸಿಗೇ ನಿಂತ ಹುಡುಗಿಯರನ್ನು ನಾನು ಈ ಕೆಲಸದಲ್ಲಿ ಸಾಕಷ್ಟು ನೋಡಿದ್ದೇನೆ. ಈಗ ಅದೇ ಮನೆಯ ತಂಗಿಯರು ಹಾಸನದಲ್ಲಿ ಬಿಕಾಂ ಓದುತ್ತಿದ್ದಾರೆ. ಅಪ್ಪಂದಿರು ಬೇಡ ಅನ್ನಲು ಇದ್ದ ಒಂದು ನೆಪ ತಪ್ಪಿದೆ.

ಈ ಹುಡುಗಿಯರು ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಬರುವುದನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಉಚಿತ ಅಂದಮಾತ್ರಕ್ಕೆ ಸಾಲದು, ಹತ್ತಲು ಬಸ್ಸು ಬೇಕು. ನಮ್ಮ ದಾರಿಯ ಹಳ್ಳಿಗಳ ಹೆಂಗಸರು ಕೂಡಿ ಒಂದು ಅರ್ಜಿ ಬರೆದಿದ್ದೇವೆ: ಬೆಳಿಗ್ಗೆ ಏಳೂವರೆಯಿಂದ ಒಂಬತ್ತರೊಳಗೆ ಇನ್ನೊಂದು ಬಸ್ಸು ಬಿಡಬೇಕು, ಗೇಟುಗಳಲ್ಲಿ ಯಾರು ನಿಂತಿದ್ದರೂ ನಿಲ್ಲಿಸಬೇಕು, ಕಾರ್ಡು ಕೇಳುವಾಗ ಮರ್ಯಾದೆಯಿಂದ ಕೇಳಬೇಕು. ಬರೆದುಕೊಟ್ಟವಳು ನಾನು, ಹೇಳಿಸಿದವರು ಅವರು. ಮೂರನೇ ಸಾಲು ಸೇರಿಸಿ ಅಂದದ್ದು ಗಾರ್ಮೆಂಟ್ಸಿನ ಒಬ್ಬ ಹುಡುಗಿ. ಸಹಿಗೆ ಗಂಡಸರ ಹತ್ತಿರವೂ ಹೋದೆವು. ಕೆಲವರು ಹಾಕಿದರು. "ನಿಮಗೇನು ಕಷ್ಟ, ಬಿಟ್ಟಿ ಹೋಗ್ತೀರಲ್ಲ" ಅಂತ ಕೆಲವರು ಪೆನ್ನು ವಾಪಸ್ ಕೊಟ್ಟರು. ಆ ಬಸ್ಸು ಬಂದರೆ ಅವರಿಗೂ ಸೀಟು ಸಿಗುತ್ತದೆ ಅಂತ ವಿವರಿಸಿ ಹೇಳಿದೆ. ಕೇಳಲಿಲ್ಲ.

ಡಿಪೋದಲ್ಲಿ ಅರ್ಜಿ ತೆಗೆದುಕೊಂಡು ಸೀಲು ಹಾಕಿಕೊಟ್ಟಿದ್ದಾರೆ. ಬಸ್ಸು ಇನ್ನೂ ಬಂದಿಲ್ಲ. ಬರುವ ಸೋಮವಾರ ಮತ್ತೆ ಹೋಗುತ್ತೇವೆ, ಈ ಸಲ ಆ ಒಂಬತ್ತನೇ ಕ್ಲಾಸಿನ ಹುಡುಗಿ ತನ್ನ ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ ಅಂದಿದ್ದಾಳೆ.